ಮೀನಿನ ಟೇಪಿನ ಕೊನೆಯಲ್ಲಿ ಅಮ್ಮ

"ಈ ಊರಲ್ಲಿ ಯಾರ ಬಾಯಿಗೂ ಅವರದ್ದೇ ದನಿ ಇರಲ್ಲ ಕಣೇ" ಎನ್ನುತ್ತಿದ್ದ ನನ್ನಣ್ಣ. ಮದ್ರಾಸಿನ ಸಿನಿಮಾ ಲೋಕದ ಬಗ್ಗೆ ಅವನು ಕಂಡುಕೊಂಡಿದ್ದ ಪರಮ ಸತ್ಯ ಅದು. ವಾರವೆಲ್ಲ ಮೌಂಟ್ ರೋಡಿನ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತಿಕೆ, ಭಾನುವಾರ ವಡಪಳನಿಯ ಡಬ್ಬಿಂಗ್ ಸ್ಟುಡಿಯೊಗಳ ಮೆಟ್ಟಿಲ ಮೇಲೆ ಠಿಕಾಣಿ. ತೆರೆಯ ಮೇಲೆ ಅಳುವವಳು ಒಬ್ಬಳು, ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಅವಳ ಪರವಾಗಿ ಅಳುವವಳು ಇನ್ನೊಬ್ಬಳು. ಅತ್ತು ಮುಗಿಸಿ ಆಕೆ ಹೊರಗೆ ಬಂದು ಟೀ ಕುಡಿಯುವುದನ್ನು ಅವನು ಕಣ್ಣಾರೆ ಕಂಡಿದ್ದ. ಶೂಟಿಂಗಿನ ಜಾಗದಲ್ಲೇ ಹಿಡಿದ ಮಾತಿಗೆ ಅಲ್ಲಿ 'ಪೈಲಟ್' ಎಂದು ಹೆಸರು. ಡಬ್ಬಿಂಗಿನವರಿಗೆ ತುಟಿಯ ಅಂದಾಜು ಸಿಗಲಿ ಎಂದು ಇಟ್ಟುಕೊಳ್ಳುವುದು, ಕೆಲಸ ಆದಮೇಲೆ ಅಳಿಸಿಬಿಡುವುದು. ಊಟದ ಬಾಳೆಲೆಯ ಹಾಗೆ. ಉಂಡಮೇಲೆ ಅದನ್ನು ಯಾರೂ ತೊಳೆದಿಡುವುದಿಲ್ಲ.

ಎರಡು ಸಾವಿರದ ನಾಲ್ಕೈದರ ಸುಮಾರು. ನಾನಾಗ ಬಿ.ಎ. ಓದುತ್ತಿದ್ದೆ, ಕಾಲೇಜಿನ ಡಿಬೇಟ್ ತಂಡದಲ್ಲಿದ್ದೆ. ಯಾರು ಏನೇ ಹೇಳಲಿ, ಅದಕ್ಕೆ ಎದುರುಪಕ್ಷದ ಅಂಶಗಳು ತಲೆಯಲ್ಲಿ ತಾವಾಗಿಯೇ ಸಾಲುಗಟ್ಟುತ್ತಿದ್ದವು. "ಹಾಗಾದ್ರೆ ನೀನೀಗ ಹೇಳಿದ್ದೂ ನಿನ್ನ ದನಿ ಅಲ್ಲ. ಅದನ್ನ ನಾನ್ಯಾಕೆ ನಂಬಲಿ?" ಅಂದರೆ ಅಣ್ಣ ಅಡುಗೆಮನೆಯ ಕಡೆ ಕುತ್ತಿಗೆ ಚಾಚಿ, "ಅಮ್ಮಾ, ಲಾಯರಮ್ಮ ಶುರು ಮಾಡಿದ್ಲು" ಅನ್ನುವನು. ಒಳಗಿನಿಂದ ಅಮ್ಮ, "ಮೊದ್ಲು ಊಟ ಮಾಡಿ. ಅಪ್ಪುರಂ ಕೋರ್ಟ್ ಇಟ್ಕೊಳ್ಳಿ."

ಅಮ್ಮನ ಕನ್ನಡ ಮೈಲಾಪೂರಿನ ಕನ್ನಡ. ನಮ್ಮದು ಮೂರು ತಲೆಮಾರಿನಿಂದ ಅಲ್ಲೇ ಬೇರುಬಿಟ್ಟ ವೈಷ್ಣವ ಮನೆತನ. ಅಮ್ಮ ಹುಟ್ಟಿದ್ದು ಆ ಬೀದಿಗಳಲ್ಲಿ, ಶಾಲೆ ಓದಿದ್ದು ತಮಿಳಿನಲ್ಲಿ. 'ಆಮೇಲೆ' ಎನ್ನುವ ಕಡೆ 'ಅಪ್ಪುರಂ', 'ಬೇಗ' ಎನ್ನುವ ಕಡೆ 'ಸೀಕ್ರಂ', ಹುಡುಗಿಗೆ 'ಪೊಣ್ಣು'. ಬೆಂಗಳೂರಿನ ನೆಂಟರು ಬಂದಾಗ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ, ಬಡಿಸುತ್ತಿದ್ದಳು.

ಅಣ್ಣ ತೆಗೆದ ಕಿರುಚಿತ್ರದಲ್ಲಿ ಅಮ್ಮನನ್ನು ಬಿಟ್ಟರೆ ಬೇರೆ ಪಾತ್ರವಿಲ್ಲ. ಒಂದು ಬೆಳಗ್ಗೆ, ಒಂದು ಅಡುಗೆಮನೆ. ಹಾಲಿನ ಜೊತೆ, ಹುಣಿಸೆಹಣ್ಣಿನ ಜೊತೆ, ಕಿಟಕಿಯಾಚೆ ಕಂಬಗಳ ಮೇಲೆ ಹೋಗುವ ರೈಲಿನ ಜೊತೆ ಮಾತಾಡುವ ಹೆಂಗಸು. ಅಷ್ಟೇ ಕಥೆ. ಅಮ್ಮನಿಗೆ ಇದು ನಟನೆ ಎಂದು ಅನ್ನಿಸಲೇ ಇಲ್ಲ. "ಇದನ್ನ ಯಾರು ನೋಡ್ತಾರೋ? ನಿಮ್ಮಪ್ಪನೇ ನೋಡಲ್ಲ" ಎಂದು ಕ್ಯಾಮೆರಾಕ್ಕೇ ಹೇಳಿದಳು. ಆಗಲೇ ಅವಳ ಗಂಟಲು ಗರಗರ ಅನ್ನುತ್ತಿತ್ತು. ನೆಗಡಿ ಅಂದುಕೊಂಡಿದ್ದೆವು. ಮೆಣಸಿನ ಕಷಾಯ ಕುಡಿದು ಕುಡಿದು ಅವಳು ಶೂಟಿಂಗ್ ಮುಗಿಸಿಕೊಟ್ಟಳು.

ಆಮೇಲೆ ಅಣ್ಣ ಆ ದನಿಯನ್ನು ತೆಗೆಸಿ ವಡಪಳನಿಯ ಡಬ್ಬಿಂಗ್ ಕಲಾವಿದೆಯೊಬ್ಬರಿಂದ ಮಾತು ತುಂಬಿಸಿದ. ಆಕೆ ಧಾರಾವಾಹಿಗಳಿಗೆ ಕನ್ನಡ ಹೇಳುವವರು, ಒಂದೊಂದು ಅಕ್ಷರವೂ ತೊಳೆದ ಮುತ್ತು. ಅಮ್ಮನ 'ಅಪ್ಪುರಂ'ಗಳೆಲ್ಲ 'ಆಮೇಲೆ'ಗಳಾದವು. ನಾನು ಸ್ಟುಡಿಯೊದಲ್ಲೇ ಜಗಳಕ್ಕೆ ನಿಂತಿದ್ದೆ.

"ಗಂಟಲು ಕೆಟ್ಟಿದೆ, ಅದು ಒಪ್ಪಿದೆ. ವಾಸಿ ಆದ್ಮೇಲೆ ಅಮ್ಮನ ಹತ್ರಾನೇ ಹೇಳಿಸು."

"ಕನ್ನಡ ಚಿತ್ರ ಅಂತ ಪ್ರದರ್ಶನಕ್ಕೆ ಕಳಿಸ್ತಾ ಇದ್ದೀನಿ. ಕನ್ನಡ ಕನ್ನಡದ ಹಾಗೆ ಇರ್ಬೇಡವಾ?"

"ಅಮ್ಮ ಮಾತಾಡೋದು ಇನ್ನೇನು ತೆಲುಗಿನ ಹಾಗಿದೆಯಾ?"

"ನೀನು ಗೆದ್ದೆ, ಬಿಡು. ಸಿನಿಮಾ ನಂದು" ಎಂದ. ತೀರ್ಪುಗಾರರಿಲ್ಲದ ಕಡೆ ವಾದ ಗೆದ್ದು ಏನು ಸುಖ? ಅಮ್ಮನಿಗೆ ಅವನು ಹೇಳಲಿಲ್ಲ. ತೆರೆಯ ಮೇಲೆ ನೋಡಿದಾಗ ನಗುತ್ತಾಳೆ, ಒಂದು ತಮಾಷೆಯಾಗುತ್ತದೆ ಅಂದುಕೊಂಡ.

ಆ ಗರಗರ ನೆಗಡಿಯದ್ದಲ್ಲ. ಡಬ್ಬಿಂಗ್ ಮುಗಿದ ಕೆಲವೇ ದಿನಕ್ಕೆ ಒಂದು ಮಧ್ಯಾಹ್ನ ಅಮ್ಮನಿಗೆ ಉಸಿರು ಸಿಗದೆ ಹೋಯಿತು. ಅಪ್ಪ ಆಟೋದಲ್ಲಿ ಕೂರಿಸಿಕೊಂಡು ಕೀಲ್ಪಾಕ್‌ನ ಆಸ್ಪತ್ರೆಗೆ ಓಡಿದರು. ಜೀವ ಉಳಿಸಲು ಮೊದಲು ಕತ್ತಿನಲ್ಲಿ ತೂತು ಮಾಡಿ ಕೊಳವೆ ಇಟ್ಟರು. ಪರೀಕ್ಷೆಗಳಾದವು. ಗಂಟಲಲ್ಲಿ ಗಡ್ಡೆ, ಕೆಟ್ಟ ಜಾತಿಯದ್ದು, ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ತೆಗೆದರು. ಎಲ್ಲ ಎಷ್ಟು ಬೇಗ ಆಯಿತೆಂದರೆ, ಆಟೋ ಹತ್ತಿದ ಅಮ್ಮನಿಗೆ ದನಿಯಿತ್ತು, ಆಟೋದಲ್ಲಿ ವಾಪಸು ಬಂದ ಅಮ್ಮನಿಗೆ ಇರಲಿಲ್ಲ. ದಾರಿಯಲ್ಲಿ ಕೊನೆಗೆ ಏನು ಹೇಳಿದಳು ಎಂದು ಅಪ್ಪನನ್ನು ಕೇಳಿದೆ. ರೈಲ್ವೆಯಲ್ಲಿ ನೌಕರಿ ಮಾಡಿದ ಮನುಷ್ಯ, ವರದಿ ಒಪ್ಪಿಸುವವರ ಹಾಗೆ ಹೇಳಿದರು: "ಗ್ಯಾಸ್ ಆಫ್ ಮಾಡಿದ್ರಾ ಅಂತ ಕೇಳಿದ್ಲು. ಮಾಡಿದ್ದೀನಿ ಅಂದೆ."

ಮನೆಗೆ ಬಂದಮೇಲೆ ಅವಳಿಗೆ ಮಕ್ಕಳ ಮ್ಯಾಜಿಕ್ ಸ್ಲೇಟೊಂದನ್ನು ತಂದುಕೊಟ್ಟೆವು. ಮೇಲಿನ ಪ್ಲಾಸ್ಟಿಕ್ ಹಾಳೆ ಎತ್ತಿದರೆ ಬರೆದದ್ದು ಹೊರಟುಹೋಗುತ್ತದಲ್ಲ, ಅದು. ಕನ್ನಡ ಲಿಪಿ ಅವಳ ಕೈಗೆ ಒಗ್ಗಿರಲಿಲ್ಲ. ಹಾಗಾಗಿ ಕನ್ನಡದ ಮಾತನ್ನು ತಮಿಳು ಅಕ್ಷರದಲ್ಲಿ ಬರೆಯುತ್ತಿದ್ದಳು, ಅದನ್ನು ಓದಲು ನಮ್ಮ ಮನೆಯವರೇ ಆಗಬೇಕು. ಕತ್ತಿಗೆ ಒತ್ತಿ ಹಿಡಿದರೆ ಗುಂಯ್‌ಗುಟ್ಟಿ ಮಾತು ಹೊರಡಿಸುವ ಯಂತ್ರವೊಂದಿದೆ ಎಂದು ಡಾಕ್ಟರು ತೋರಿಸಿದ್ದರು. ಅಮ್ಮ ಒಂದು ಸಲ ಹಿಡಿದು ನೋಡಿ ಬರೆದದ್ದು ಒಂದೇ ಪದ: ಮಿಕ್ಸಿ. ಮತ್ತೆ ಮುಟ್ಟಲಿಲ್ಲ.

ಅವಳ ದನಿ ಎಲ್ಲಾದರೂ ಉಳಿದಿದೆಯೇ ಎಂದು ನಾನು ಮನೆಯ ಕ್ಯಾಸೆಟ್‌ಗಳನ್ನೆಲ್ಲ ಒಂದೊಂದಾಗಿ ಕೇಳಿದೆ. ಇದ್ದದ್ದೆಲ್ಲ ನನ್ನ ಡಿಬೇಟ್ ಅಭ್ಯಾಸ. ಮರಣದಂಡನೆಯ ಪರ, ಮರಣದಂಡನೆಯ ವಿರುದ್ಧ. ಹಿಂದೆಲ್ಲೋ ಕುಕ್ಕರ್ ಕೂಗುತ್ತದೆ, ಬಳೆಯ ಸದ್ದಾಗುತ್ತದೆ, ಪಾತ್ರೆಯೊಂದನ್ನು ಯಾರೋ ಸದ್ದಾಗದಂತೆ ಇಡುತ್ತಾರೆ. ಮಾತಿಲ್ಲ. ನಾನು ರೆಕಾರ್ಡ್ ಮಾಡುವಾಗ ಮನೆಯಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ.

ಹೀಗಿರುವಾಗ ಅಣ್ಣನ ಚಿತ್ರ ಆಯ್ಕೆಯಾಯಿತು. ಪ್ರಾದೇಶಿಕ ಭಾಷೆಗಳಲ್ಲಿ ಸ್ವಂತವಾಗಿ ಚಿತ್ರ ತೆಗೆಯುವವರ ಕಿರುಚಿತ್ರ ಪ್ರದರ್ಶನ, ನುಂಗಂಬಾಕ್ಕಂನ ಒಂದು ಸಭಾಂಗಣದಲ್ಲಿ, ಶನಿವಾರ ಮತ್ತು ಭಾನುವಾರ; ಅಣ್ಣನದ್ದು ಭಾನುವಾರ. ತಮಿಳು, ತೆಲುಗು, ಮಲಯಾಳ ಚಿತ್ರಗಳ ನಡುವೆ ಕನ್ನಡದ್ದು ಇದೊಂದೇ. ಅಮ್ಮನ ಮುಖದಲ್ಲಿ ಆಸ್ಪತ್ರೆಯ ನಂತರ ಮೊದಲ ಬಾರಿ ಬೆಳಕು ಕಂಡೆ. 'ಯಾವ ಸೀರೆ?' ಎಂದು ಬರೆದಳು. ಕತ್ತಿನ ತೂತು ಮುಚ್ಚಲು ಸೀರೆಗೊಪ್ಪುವ ಹತ್ತಿಯ ಬಟ್ಟೆ ಹೊಲಿದುಕೊಂಡಳು. ಆಮೇಲೆ ಹಾಳೆ ಎತ್ತಿ ಮತ್ತೆ ಬರೆದು ನಮ್ಮಿಬ್ಬರ ಕಡೆ ತಿರುಗಿಸಿದಳು: 'ಅದರಲ್ಲಿ ನಾನು ಮಾತಾಡ್ತೀನಲ್ಲ. ಕೇಳ್ಬೇಕು.'

ಅಣ್ಣ ಎದ್ದು ತಾರಸಿಗೆ ಹೋದ. ನಾನು ಹಿಂದೆಯೇ ಹತ್ತಿದೆ.

"ಮೂಲ ದನಿ ಎಲ್ಲಿದೆ?"

"ಇಲ್ಲ."

"ಇಲ್ಲ ಅಂದ್ರೆ? ಎಡಿಟಿಂಗ್ ಮಾಡಿದವನ ಕಂಪ್ಯೂಟರ್‌ನಲ್ಲಿ?"

"ಅವನು ಮದುವೆ ವಿಡಿಯೊ ಮಾಡೋನು ಕಣೇ. ಈ ಮುಹೂರ್ತದ ತಿಂಗಳಲ್ಲಿ ಜಾಗ ಬೇಕಿತ್ತು, ಅಳಿಸಿದ. ನಾನೇ ಸರಿ ಅಂದೆ."

"ಟೇಪುಗಳು?"

ಉತ್ತರ ನನಗೂ ಗೊತ್ತಿತ್ತು. ಅವನ ಗುಂಪಿನಲ್ಲಿ ಹಗಲು ಕಚೇರಿಗೆ ಹೋಗಿ ರಜೆಯಲ್ಲಿ ಚಿತ್ರ ತೆಗೆಯುವ ಆರೇಳು ಜನ. ಕ್ಯಾಮೆರಾ ಒಂದೇ, ಸರದಿಯಲ್ಲಿ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಆ ಪುಟ್ಟ ಡಿಜಿಟಲ್ ಟೇಪುಗಳೂ ಸರದಿಯಲ್ಲಿ. ಒಬ್ಬನ ಚಿತ್ರ ಮುಗಿದ ಕೂಡಲೇ ಟೇಪುಗಳು ಮುಂದಿನವನ ಕೈಗೆ, ಹಳೆಯದರ ಮೇಲೆಯೇ ಹೊಸದು. ಒಂದೊಂದು ಟೇಪಿನ ಬೆನ್ನಿಗೂ ಚೀಟಿಯ ಮೇಲೆ ಚೀಟಿ ಅಂಟಿ ಗಡುಸಾಗಿರುತ್ತಿತ್ತು. ಇಟ್ಟುಕೊಳ್ಳುವವನು ಸ್ವಾರ್ಥಿ ಎಂಬುದು ಅವರಲ್ಲಿ ಅಲಿಖಿತ ನೇಮ. ಪೈಲಟ್ ದನಿಯನ್ನು ಕಾದಿಡುವ ಮೂರ್ಖರಂತೂ ಈ ಊರಲ್ಲಿ ಯಾರೂ ಇಲ್ಲವಲ್ಲ.

"ಅಮ್ಮ ಅಲ್ಲಿ ಕೂತು ಬೇರೆ ಹೆಂಗಸಿನ ದನಿ ತನ್ನ ಬಾಯಿಂದ ಬರೋದನ್ನ ನೋಡ್ಬೇಕಾ?" ಎಂದೆ. "ಈಗ? ಈ ಸ್ಥಿತಿಲಿ?"

"ಚಿತ್ರ ವಾಪಸ್ ತಗೋತೀನಿ."

"ಯಾಕೆ ತಗೊಂಡೆ ಅಂತ ಕೇಳಿದ್ರೆ?"

ಅಣ್ಣ ನೀರಿನ ತೊಟ್ಟಿಯ ಮೇಲೆ ಕೂತು ಎರಡೂ ಕೈಗಳಲ್ಲಿ ತಲೆ ಹಿಡಿದುಕೊಂಡ. ಎದುರಾಳಿ ಹೀಗೆ ಕುಸಿದಾಗ ಮುಂದೇನು ಮಾಡಬೇಕೆಂದು ನಮಗೆ ಯಾವ ಡಿಬೇಟಿನಲ್ಲೂ ಕಲಿಸಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ. ಭಾನುವಾರದೊಳಗೆ ಆ ದನಿ, ಇಡೀ ಚಿತ್ರಕ್ಕಾಗುವಷ್ಟಿಲ್ಲದಿದ್ದರೆ ಒಂದೆರಡು ಮಾತಾದರೂ, ಎಲ್ಲಿಂದಾದರೂ.

ಟೇಪುಗಳು ಹೋಗಿದ್ದು ಸಾಲಿಗ್ರಾಮಂನಲ್ಲಿದ್ದ ಒಬ್ಬ ಸ್ನೇಹಿತನ ಹತ್ತಿರ. ಅಮ್ಮನನ್ನು ಶೂಟ್ ಮಾಡಿದ್ದ ಕ್ಯಾಮೆರಾದವನೂ ಅವನೇ. ಕೊಳತ್ತೂರಿನಲ್ಲಿ ಮನೆಮನೆಯಲ್ಲೂ ತೊಟ್ಟಿ ಕಟ್ಟಿ ಬಣ್ಣದ ಮೀನು ಸಾಕುವವರ ಮೇಲೆ ಅವನೊಂದು ಚಿತ್ರ ತೆಗೆದಿದ್ದ. ಅದೂ ಅದೇ ಪ್ರದರ್ಶನಕ್ಕೆ ಆಯ್ಕೆಯಾಗಿತ್ತು, ಅಣ್ಣನ ಚಿತ್ರ ಮುಗಿದ ಬೆನ್ನಿಗೇ ಅವನದ್ದು. ನಾನು ವಿಷಯ ಹೇಳಿದಾಗ ಅವನ ಮುಖ ಬಿಳಿಚಿತು. ತಮಿಳಿನಲ್ಲಿ, "ಮೇಲೆಲ್ಲ ಮೀನು ತೆಗೆದುಬಿಟ್ಟಿದ್ದೀನಲ್ಲ ತಂಗಚ್ಚಿ" ಎಂದ. ತಂಗಿ ಅನ್ನುವುದನ್ನು ಅಷ್ಟು ಮೆಲ್ಲಗೆ ಅವನು ಎಂದೂ ಅಂದಿರಲಿಲ್ಲ.

ಟೇಪುಗಳನ್ನು ಒಂದೊಂದಾಗಿ ಕ್ಯಾಮೆರಾಕ್ಕೆ ಹಾಕಿ ಅದರ ಸಣ್ಣ ಪರದೆಯಲ್ಲಿ ಓಡಿಸಿದೆವು. ಮೀನು. ಬರೀ ಮೀನು. ಕೆಂಪು, ಕಪ್ಪು, ಹಳದಿ, ಗಾಜಿಗೆ ಮೂತಿ ತಾಗಿಸಿ ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ. ಈ ಮೀನಿನ ಕೆಳಗೆ ಹುಣಿಸೆಹಣ್ಣು ಕಿವುಚುವ ಅಮ್ಮ ಇದ್ದಳು, ಆ ಮೀನಿನ ಕೆಳಗೆ ರೈಲಿನ ಜೊತೆ ಮಾತಾಡುವ ಅಮ್ಮ. ನನಗೆ ಆ ಪ್ರಾಣಿಗಳ ಮೇಲೆ ಎಂಥ ದ್ವೇಷ ಬಂತೆಂದರೆ, ಇವತ್ತಿಗೂ ಯಾರ ಮನೆಯಲ್ಲಾದರೂ ಅಕ್ವೇರಿಯಂ ಕಂಡರೆ ಬೆನ್ನು ಹಾಕಿ ಕೂರುತ್ತೇನೆ.

ಕೊನೆಯ ಟೇಪು. ಅದರಲ್ಲೂ ಮೀನು. ಸಾಕು ಎಂದು ಅವನು ಕೈ ಚಾಚಿದ. ನಾನು ತಡೆದೆ. ಟೇಪಿನ ಬಾಲ ಸುಕ್ಕಾಗಿರುತ್ತದೆ ಎಂದು ಅವನು ಎಂದೂ ಕೊನೆಯವರೆಗೆ ಶೂಟ್ ಮಾಡುವವನಲ್ಲ. ಇದನ್ನು ಅಣ್ಣನೇ ಹೇಳಿ ನಕ್ಕಿದ್ದ. ಮೀನು ನಿಂತಿತು. ಪರದೆ ಚೂರುಚೂರಾಯಿತು, ಆಮೇಲೆ ನಮ್ಮ ಅಡುಗೆಮನೆಯ ನೆಲ ಬಂತು. ಶೂಟಿಂಗ್ ಮುಗಿದಿದೆ. ಕ್ಯಾಮೆರಾವನ್ನು ನಿಲ್ಲಿಸಲು ಮರೆತು ನೆಲದ ಮೇಲಿಟ್ಟಿದ್ದಾರೆ. ಚಿತ್ರದಲ್ಲಿ ಕಾಣುವುದು ಸಿಲಿಂಡರಿನ ಬುಡ, ಅಣ್ಣನ ಬರಿಗಾಲು, ಒಂದು ಸ್ಟೀಲ್ ಲೋಟ. ಅಮ್ಮ ಎಲ್ಲೂ ಇಲ್ಲ. ದನಿ ಮಾತ್ರ, ಗರಗರ ಅನ್ನುವ ದನಿ:

"ಎಲ್ರೂ ಕುಡ್ದಾಯ್ತಾ? ಕ್ಯಾಮೆರಾದವ್ರಿಗೆ ಸಕ್ಕರೆ ಕಮ್ಮಿ ಹಾಕಿದೀನಿ, ಅದಲು ಬದಲು ಮಾಡ್ಬೇಡ. ಸೀಕ್ರಂ ಕೊಡೋ, ನಿಂತೇ ಇದಾರೆ ಪಾಪ. ಎಲ್ಲಿ ನಮ್ಮ ಪೊಣ್ಣು? ಕೂಗು ಅವಳ್ನ. ಯಾರ ಹತ್ರಾನೋ ವಾದ ಮಾಡ್ತಾ ನಿಂತಿರ್ತಾಳೆ, ಕಾಫಿ ಆರೋಗುತ್ತೆ, ಅಪ್ಪುರಂ ಆರೋಯ್ತು ಅಂತ ನನ್ ಹತ್ರಾನೇ ವಾದಕ್ಕೆ ಬರ್ತಾಳೆ."

ಟೇಪು ಮುಗಿಯಿತು. ಸ್ನೇಹಿತ ಗೋಡೆ ನೋಡುತ್ತಾ, "ಅವತ್ತು ಕಾಫಿ ನಿಜವಾಗಲೂ ಅದಲು ಬದಲಾಗಿತ್ತು" ಎಂದ.

ಇಷ್ಟು ಸಿಕ್ಕಿತು, ಆದರೆ ಇದನ್ನು ಎಲ್ಲಿಡುವುದು? ಚಿತ್ರದಲ್ಲಿ ಅಮ್ಮನ ತುಟಿಗಳು ಬೇರೆ ಮಾತಾಡುತ್ತಿವೆ, ಈ ಮಾತಿಗೆ ತುಟಿಯೇ ಇಲ್ಲ. ಚಿತ್ರದ ಕೊನೆಗೆ ಸೇರಿಸೋಣ, ಹೆಸರುಗಳು ಬರುವಾಗ ಕೇಳಲಿ, ಎಂದೆ. ಅಣ್ಣ ಮರುಮಾತಾಡದೆ ಒಪ್ಪಿದ. ಕ್ಯಾಮೆರಾ, ಟೇಪು ಎರಡನ್ನೂ ಚೀಲಕ್ಕೆ ಹಾಕಿಕೊಂಡು ನಾವಿಬ್ಬರೂ ನುಂಗಂಬಾಕ್ಕಂಗೆ ಹೋದೆವು.

ಪ್ರದರ್ಶನ ನಡೆಸುತ್ತಿದ್ದ ಮಹಿಳೆ ಒಳ್ಳೆಯವರೇ. ಕೈಮಗ್ಗದ ಸೀರೆ, ಮೂಗಿನ ತುದಿಯಲ್ಲಿ ಕನ್ನಡಕ, ಎರಡು ಫೋನುಗಳ ನಡುವೆ ನಮ್ಮ ಕಥೆ ಪೂರ್ತಿ ಕೇಳಿದರು. ಎಲ್ಲ ಚಿತ್ರಗಳನ್ನೂ ಸೇರಿಸಿ ಡಿಸ್ಕ್ ಬರೆದಾಗಿದೆ, ಈಗ ಒಂದನ್ನು ಬದಲಿಸಿದರೆ ಎಲ್ಲವನ್ನೂ ಮತ್ತೆ ಮಾಡಿಸಬೇಕು, ಸಮಯವಿಲ್ಲ ಎಂದರು. ನಾನು ಬಿಡಲಿಲ್ಲ. ಮೊದಲನೆಯದಾಗಿ ಎಂದೆ, ಎರಡನೆಯದಾಗಿ ಎಂದೆ. "ಪ್ರಾದೇಶಿಕ ಅಂತ ಬೋರ್ಡ್ ಹಾಕಿದ್ದೀರಿ ಮೇಡಂ. ಈ ಪ್ರದೇಶದಲ್ಲಿ ಹುಟ್ಟಿದ ಹೆಂಗಸು ಈ ಪ್ರದೇಶದ ಹಾಗೆ ಮಾತಾಡಿದ್ದು ಇದರಲ್ಲಿದೆ. ನೀವು ತೋರಿಸ್ತಿರೋದರಲ್ಲಿ ಇಲ್ಲ. ಹಾಗಾದರೆ ಯಾವುದು ಪ್ರಾದೇಶಿಕ?" ನನ್ನ ದನಿ ಏರುತ್ತಿರುವುದು ನನಗೇ ಕೇಳಿಸುತ್ತಿತ್ತು. ಮೂರನೆಯದು ಏನೆಂದು ಗೊತ್ತಿಲ್ಲದೆಯೇ ಮೂರನೆಯದಾಗಿ ಎಂದೆ.

ಅವರು ಕನ್ನಡಕ ತೆಗೆದಿಟ್ಟರು. "ನೀವು ಹೇಳಿದ ಒಂದೊಂದು ಮಾತೂ ಸರಿಯಮ್ಮಾ. ಆದರೆ ಡಿಸ್ಕ್ ಬರೆದಾಗಿದೆ."

ಮೆಟ್ಟಿಲಿಳಿಯುವಾಗ ಅಣ್ಣ, "ಇನ್ನು ಅಮ್ಮನಿಗೆ ಹೇಳಲೇಬೇಕು. ಅಲ್ಲಿ ಕೂರಿಸಿ ಸಾಯಿಸೋದಕ್ಕಿಂತ" ಎಂದ. ಅವನ ಬಾಯಿಂದ ನಾನು ಕೇಳಿದ ಮೊದಲ ಸರಿಯಾದ ವಾದ ಅದು. ಖುಷಿಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಶನಿವಾರ ಮಧ್ಯಾಹ್ನ ಅಮ್ಮ ಅವರೆಕಾಳು ಬಿಡಿಸುತ್ತಾ ಕೂತಿದ್ದಳು. ಅಣ್ಣ ಎದುರಿಗೆ ನೆಲದ ಮೇಲೆ ಕೂತು ಹೇಳಿದ. ದನಿ ಬದಲಿಸಿದ್ದು, ಟೇಪು ಹೋಗಿದ್ದು, ಎಲ್ಲ. ಅಮ್ಮನ ಬೆರಳು ನಿಲ್ಲಲಿಲ್ಲ. ಮೊರ ಬದಿಗಿಟ್ಟು ಸ್ಲೇಟು ತೆಗೆದುಕೊಂಡಳು.

'ಯಾರು ಆಕೆ?'

"ಡಬ್ಬಿಂಗ್‌ನೋರು ಅಮ್ಮ. ಸೀರಿಯಲ್‌ಗೆ ಹೇಳ್ತಾರೆ."

'ಚೆನ್ನಾಗಿ ಮಾತಾಡ್ತಾಳಾ?'

"ಚೆನ್ನಾಗೇ ಮಾತಾಡ್ತಾರೆ."

ಅಮ್ಮ ಹಾಳೆ ಎತ್ತಿದಳು. ಅಕ್ಷರ ಹೋಯಿತು. ಮತ್ತೇನೂ ಬರೆಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಅವಳು ಬೈಯುವುದಾದರೂ ಯಾವುದರಿಂದ? ನಾನು ಎದ್ದೆ. ಕ್ಯಾಮೆರಾದ ವೈರನ್ನು ಟಿ.ವಿ.ಗೆ ಚುಚ್ಚಿ ಟೇಪು ಹಾಕಿದೆ. ನೆಲ ಬಂತು, ಲೋಟ ಬಂತು.

"ಎಲ್ರೂ ಕುಡ್ದಾಯ್ತಾ?" ಎಂದಿತು ಅಮ್ಮನ ದನಿ.

ಒಳಗಿನ ಕೋಣೆಯಿಂದ ಅಪ್ಪ, ಪೇಪರ್ ಓದುತ್ತಿದ್ದವರು, ಯಾವತ್ತಿನ ಹಾಗೆ ಹೇಳಿದರು: "ನಂದಾಯ್ತು ಕಣೇ."

ಟಿ.ವಿ.ಯಲ್ಲಿ ಅಮ್ಮ ಸಕ್ಕರೆಯ ಬಗ್ಗೆ ಹೇಳುತ್ತಲೇ ಇದ್ದಳು. ಒಳಗೆ ಪೇಪರ್ ಮಡಿಚುವ ಸದ್ದು ಕೇಳಿತು, ಆಮೇಲೆ ಅದೂ ಇಲ್ಲ. ಅಪ್ಪ ಹೊರಗೆ ಬರಲಿಲ್ಲ. ಅಮ್ಮ ಎದ್ದು ಬಾಗಿಲವರೆಗೆ ಹೋಗಿ ಒಳಗೆ ನೋಡಿದಳು, ಬಹಳ ಹೊತ್ತು ನಿಂತಳು. ವಾಪಸು ಬಂದು ಟಿ.ವಿ. ಆರಿಸಿದಳು. 'ಬೇಡ. ಇದು ಮನೇಲಿರ್ಲಿ' ಎಂದು ಬರೆದಳು. ಕೆಳಗೆ, ಇನ್ನೂ ಸಣ್ಣದಾಗಿ: 'ನಾಳೆ ಬರ್ತೀನಿ.'

ಮರುದಿನ ನಾನು ಕ್ಯಾಮೆರಾವನ್ನು ಟೇಪಿನ ಸಮೇತ ಚೀಲದಲ್ಲಿಟ್ಟುಕೊಂಡೆ. ಬಳಸಲೆಂದಲ್ಲ. ಉತ್ತರವಿಲ್ಲದೆ ವೇದಿಕೆ ಹತ್ತಬಾರದು ಎಂಬುದು ಅಭ್ಯಾಸ, ಅಷ್ಟೇ. ಸ್ನೇಹಿತನಿಗೆ ಕ್ಯಾಮೆರಾ ಮರಳಿಸಬೇಕಾದ ನೆಪವೂ ಇತ್ತು.

ಸಭಾಂಗಣದಲ್ಲಿ ಅಮ್ಮ ನಡುವೆ, ಆ ಕಡೆ ಅಪ್ಪ, ಈ ಕಡೆ ನಾನು. ಅಣ್ಣ ಗೋಡೆಗೊರಗಿ ನಿಂತಿದ್ದ, ಕೂರಲಾರೆ ಎಂದ. ದೀಪ ಆರಿತು. ತೆರೆಯ ಮೇಲೆ ನಮ್ಮ ಅಡುಗೆಮನೆ ನಮ್ಮ ಮನೆಗಿಂತ ದೊಡ್ಡದಾಗಿ ಕಂಡಿತು. ಅಮ್ಮ ಹಾಲಿನ ಪಾತ್ರೆಯ ಮೇಲೆ ಬಗ್ಗಿ ಬಾಯಿ ತೆರೆದಳು. ಮುತ್ತಿನಂಥ ಕನ್ನಡ ಹೊರಬಂತು.

ನಾನು ತೆರೆಯನ್ನು ನೋಡಲಿಲ್ಲ, ಪಕ್ಕಕ್ಕೆ ನೋಡಿದೆ. ಆ ಬೆಳಕಿನಲ್ಲಿ ಅಮ್ಮನ ತುಟಿಗಳು ಅಲ್ಲಾಡುತ್ತಿದ್ದವು. ಮೊದಲು ಡಬ್ಬಿಂಗಿನಾಕೆಯ ಮಾತನ್ನೇ ಹೇಳಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಅಲ್ಲ. ತೆರೆಯ ಮೇಲಿನ ಹೆಂಗಸು 'ಆಮೇಲೆ' ಎಂದಾಗ ನನ್ನ ಪಕ್ಕದ ತುಟಿಗಳು 'ಅಪ್ಪುರಂ' ಎಂದು ಮುಚ್ಚಿದವು. ಅಂದು ಬೆಳಗ್ಗೆ ಒಲೆಯ ಮುಂದೆ ಆಡಿದ್ದ ಒಂದೊಂದು ಮಾತನ್ನೂ ಅವಳು ಇಲ್ಲಿ ಕೂತು, ದನಿಯಿಲ್ಲದೆ, ತನ್ನ ಮುಖಕ್ಕೆ ತಾನೇ ತುಂಬುತ್ತಿದ್ದಳು. ಚಿತ್ರ ಮುಗಿಯುವವರೆಗೂ ನಿಲ್ಲಿಸಲಿಲ್ಲ.

ಚಪ್ಪಾಳೆಯಾಯಿತು. ಅಣ್ಣನನ್ನು ಮುಂದೆ ಕರೆದರು. ಒಂದೆರಡು ಪ್ರಶ್ನೆ, ಒಂದೆರಡು ಅರ್ಧಂಬರ್ಧ ಉತ್ತರ. ಆಗ ಮುಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದರು. ಹಣೆಯ ಮೇಲೆ ನಾಮ, ಕೈಯಲ್ಲಿ ಮಡಿಚಿದ ಕೊಡೆ, ನಮ್ಮ ಹಾಗೆಯೇ ಈ ಊರಿನ ಹಳೆಯ ಕನ್ನಡಿಗರು. "ಮದ್ರಾಸಲ್ಲಿ ಇಷ್ಟು ಅಚ್ಚ ಕನ್ನಡ ಕೇಳಿ ಎಷ್ಟು ವರ್ಷ ಆಗಿತ್ತು. ನಮ್ಮನೇಲೇ ಯಾರಿಗೂ ಬರಲ್ಲ. ಆ ತಾಯಿ ಇಲ್ಲೇ ಇದಾರಂತೆ. ಎರಡು ಮಾತು ಆಡ್ಬೇಕು, ನಾವು ಕೇಳ್ಬೇಕು" ಎಂದು ಕೈಮುಗಿದರು. ಇಡೀ ಸಭೆ ತಿರುಗಿತು. ಯಾರೋ ಮೈಕನ್ನು ಸಾಲಿನುದ್ದಕ್ಕೂ ಕೈಯಿಂದ ಕೈಗೆ ದಾಟಿಸಿ ಅಮ್ಮನ ಕೈಗೆ ಕೊಟ್ಟೇಬಿಟ್ಟರು.

ಅಮ್ಮ ಮೈಕ್ ಹಿಡಿದಳು. ಬಾಯಿ ತೆರೆದಳು. ಉಸಿರು ಹೊರಡುವುದು ಕತ್ತಿನಿಂದಲ್ಲವೇ? ಬಟ್ಟೆಯ ಹಿಂದಿನಿಂದ ಬಂದ ಆ ಸುಯ್ಯೆನ್ನುವ ಸದ್ದು ಮೈಕಿಗೆ ಬಡಿದು ಸಭಾಂಗಣದ ನಾಲ್ಕೂ ಗೋಡೆಗೆ ತಾಗಿತು. ಒಂದು ಸಲ. ಇನ್ನೊಂದು ಸಲ. ಹಿರಿಯರು ಇನ್ನೂ ಕೈಮುಗಿದೇ ನಿಂತಿದ್ದರು, ಮುಖದ ನಗು ಮಾತ್ರ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಉಳಿದಿತ್ತು.

ನನ್ನ ಬಳಿ ಹೇಳಲು ಎಲ್ಲವೂ ಇತ್ತು. ಅಚ್ಚ ಕನ್ನಡವೆಂದರೇನು, ಯಾರದ್ದು, ಯಾರು ಅಳೆದವರು. ಎದ್ದು ಮೈಕಿಗೆ ಕೈ ಚಾಚಿದೆ. ಅಮ್ಮ ಮೈಕ್ ಕೊಡಲಿಲ್ಲ. ನನ್ನ ಹೆಗಲಿಂದ ಜಾರುತ್ತಿದ್ದ ಚೀಲವನ್ನು ಬೆರಳಿನಿಂದ ತಟ್ಟಿದಳು. ಅದರಲ್ಲೇನಿದೆ ಎಂದು ಅವಳಿಗೆ ಬೆಳಗ್ಗೆಯಿಂದ ಗೊತ್ತಿತ್ತು. ಮತ್ತೆ ತಟ್ಟಿದಳು. ಅಪ್ಪನ ಕಡೆ ತಿರುಗಿದಳು. ಅಪ್ಪ ತಲೆಯಾಡಿಸಿದರು.

ಸ್ನೇಹಿತ ಓಡಿಬಂದು ಕ್ಯಾಮೆರಾ ಇಸಿದುಕೊಂಡು ಪ್ರೊಜೆಕ್ಟರಿಗೆ ವೈರು ಜೋಡಿಸಿದ. ಯಾರಿಗೂ ಏನಾಗುತ್ತಿದೆ ಎಂದು ಅರ್ಥವಾಗಲಿಲ್ಲ. ತೆರೆಯ ಮೇಲೆ ಸಿಲಿಂಡರಿನ ಬುಡ, ಬರಿಗಾಲು, ಲೋಟ. ಆ ಗರಗರ ದನಿ, ಹಾಲ್ ತುಂಬ: ಎಲ್ರೂ ಕುಡ್ದಾಯ್ತಾ? ಸಕ್ಕರೆಯ ಮಾತಿಗೆ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಒಳ್ಳೆಯ ನಗು. ತಾಂತ್ರಿಕ ತೊಂದರೆ ಇರಬೇಕು ಎಂದು ಇನ್ಯಾರೋ ಇಂಗ್ಲಿಷಿನಲ್ಲಿ ಅಂದರು. ಎಲ್ಲಿ ನಮ್ಮ ಪೊಣ್ಣು, ಎಂದಿತು ದನಿ. ಕೂಗು ಅವಳ್ನ. ಯಾರ ಹತ್ರಾನೋ ವಾದ ಮಾಡ್ತಾ ನಿಂತಿರ್ತಾಳೆ, ಕಾಫಿ

ತೆರೆ ನೀಲಿಯಾಯಿತು. ಹಿಂದಿನ ಮೇಜಿನಲ್ಲಿದ್ದ ಆಪರೇಟರ್ ಡಿಸ್ಕಿಗೆ ಬದಲಾಯಿಸಿದ್ದ. ಅವನ ಕೈಯಲ್ಲಿದ್ದ ಕಾರ್ಯಕ್ರಮ ಪಟ್ಟಿಯ ಪ್ರಕಾರ ಮುಂದಿನ ಚಿತ್ರದ ಹೊತ್ತು ಮೀರಿತ್ತು. ಅವನಿಗೇನು ಗೊತ್ತು? ಸ್ನೇಹಿತ ವೈರು ಹಿಡಿದು ಅವನ ಹತ್ತಿರ ಏನೋ ಬೇಡುತ್ತಿದ್ದ. ಪ್ರದರ್ಶನ ನಡೆಸುವ ಮೇಡಂ ದೂರದಿಂದ ಬರುತ್ತಿದ್ದರು. ಅಷ್ಟರಲ್ಲಿ ದೀಪ ಆರಿಹೋಯಿತು.

ನಾನು ಅಮ್ಮನನ್ನು ನೋಡಿದೆ. ಅವಳು ತೆರೆಯನ್ನೇ ನೋಡುತ್ತಿದ್ದಳು. ತುಟಿಗಳು ನಿಂತಿರಲಿಲ್ಲ. ಆರೋಗುತ್ತೆ. ಅಪ್ಪುರಂ ಆರೋಯ್ತು ಅಂತ ನನ್ ಹತ್ರಾನೇ. ವಾದಕ್ಕೆ ಬರ್ತಾಳೆ. ಮಾತು ಪೂರ್ತಿ ಮಾಡಿ ಬಾಯಿ ಮುಚ್ಚಿದಳು.

ತೆರೆಯ ಮೇಲೆ ಕೊಳತ್ತೂರಿನ ಮೀನುಗಳು ಬಂದವು. ಆ ಕೆಂಪು ಬೆಳಕಿನಲ್ಲಿ ಅಮ್ಮ ಸ್ಲೇಟು ಹೊರತೆಗೆದು ಏನೋ ಬರೆದಳು. ಬಗ್ಗಿ ನೋಡಿದೆ, ಅಕ್ಷರ ಕಾಣಲಿಲ್ಲ. ಕಣ್ಣಿಗೆ ಹತ್ತಿರ ಹಿಡಿದೆ, ಕಾಣಲಿಲ್ಲ. ಬೆಳಕು ಬರಲಿ, ಆಮೇಲೆ ಓದುತ್ತೇನೆ ಎಂದು ಅವಳ ಕಿವಿಯಲ್ಲಿ ಹೇಳಿ ಸ್ಲೇಟನ್ನು ಅವಳ ಮಡಿಲಿಗೇ ಇಟ್ಟೆ.

ದೀಪ ಹತ್ತುವಷ್ಟರಲ್ಲಿ ಅವಳು ಹಾಳೆ ಎತ್ತಿಬಿಟ್ಟಿದ್ದಳು.

"ಏನು ಬರೆದಿದ್ದೆ?" ಎಂದೆ. ಬಸ್ ಸ್ಟಾಪಿನಲ್ಲಿ ಮತ್ತೆ ಕೇಳಿದೆ. ಮನೆಯಲ್ಲಿ ಕೇಳಿದೆ. ಬರೆದದ್ದನ್ನು ಓದುವ ಹಕ್ಕು ಓದುಗರದ್ದು ಎಂದೂ ವಾದಿಸಿದೆ. ಅಮ್ಮ ಸೀರೆ ಬದಲಿಸಿ, ಕತ್ತಿನ ಬಟ್ಟೆ ಬಿಚ್ಚಿ ಒಗೆಯಲು ಹಾಕಿ, ನನಗೆ ಕಾಫಿ ತಂದಿಟ್ಟಳು.